ವೀಕ್ ಆಯ್ತು ಅಂದ್ರು ಅಂತ ರೇಡಾರ್ ಟ್ಯಾಬ್ ಮುಚ್ಬೇಡಿ: ಕರಾವಳಿಗೆ ಬರೋ ಹರಿಕೇನ್‌ನ ಮನೇಲೇ ಕೂತು ಫಾಲೋ ಮಾಡೋದು ಹೇಗೆ

2018ರಲ್ಲಿ ಗಣೇಶನ ಹಬ್ಬ ಸೆಪ್ಟೆಂಬರ್ 13ಕ್ಕೆ ಬಿದ್ದಿತ್ತು. ನಾವಿರೋದು ಅಮೆರಿಕದ ಪೂರ್ವ ಕರಾವಳಿಯ ನಾರ್ತ್ ಕೆರೊಲೈನಾ ರಾಜ್ಯದ ಕೇರಿ ಅನ್ನೋ ಊರಲ್ಲಿ, ಹೆಸರು ಕನ್ನಡದ ಕೇರಿ ಥರಾನೇ ಇದೆ, ಕನ್ನಡದೋರಿಗೂ ಇಲ್ಲಿ ಏನೂ ಬರ ಇಲ್ಲ. ಹಬ್ಬಕ್ಕೆ ಎರಡು ದಿನ ಮುಂಚೆ ಫ್ಲಾರೆನ್ಸ್ ಅನ್ನೋ ಹರಿಕೇನ್, ಅಂದ್ರೆ ದೊಡ್ಡ ಚಂಡಮಾರುತ, ಅಟ್ಲಾಂಟಿಕ್‌ನಲ್ಲಿ ಐದರಲ್ಲಿ ಕ್ಯಾಟಗರಿ 4, ಗಾಳಿ ಗಂಟೆಗೆ 150 ಮೈಲಿ ಅಂದ್ರೆ ಸುಮಾರು 240 ಕಿಮೀ, ಅಂಗಡಿಲಿ ನೀರಿನ ಬಾಟಲಿ ಇಲ್ಲ ಬ್ರೆಡ್ ಇಲ್ಲ, ಪೆಟ್ರೋಲ್ ಬಂಕಲ್ಲಿ ಕ್ಯೂ. ಹಬ್ಬದ ದಿನ ರಾತ್ರಿ ಹೊತ್ತಿಗೆ ಅದು ಕ್ಯಾಟಗರಿ 1ಕ್ಕೆ ಇಳಿದಿತ್ತು. ಊರಿಂದ ಅಮ್ಮ ಫೋನ್ ಮಾಡಿ "ವೀಕ್ ಆಯ್ತಂತಲ್ಲಪ್ಪ, ಟೀವೀಲಿ ಹೇಳಿದ್ರು, ಇನ್ನು ಆರಾಮಾಗಿ ಊಟ ಮಾಡಿ ಮಲ್ಕೊಳಿ" ಅಂದ್ರು, ನಾನೂ ಹೂಂ ಅಂದೆ, ಕಡುಬು ತಿಂದು ಲ್ಯಾಪ್‌ಟಾಪ್ ಮುಚ್ಚಿ ಮಲಗ್ದೆ.

ಅದೇ ರಾತ್ರಿ ನ್ಯೂ ಬರ್ನ್ ಅನ್ನೋ ಊರಿಗೆ ನದಿ ನುಗ್ಗಿ ಜನ ಮಾಳಿಗೆ ಹತ್ತಿ ಕೂತಿದ್ರು. ಆಮೇಲಿನ ಒಂದು ವಾರದಲ್ಲಿ ನಮ್ಮ ರಾಜ್ಯದ ಪೂರ್ವ ಭಾಗದ ಎಷ್ಟೋ ಊರು ನೀರಲ್ಲಿತ್ತು.

ಆವತ್ತಿಂದ ಇದು ನನಗೆ ಹುಚ್ಚು ಥರ ಅಂಟ್ಕೊಂಡಿದೆ. ಪ್ರತಿ ವರ್ಷ ಜೂನ್ 1ರಿಂದ ನವೆಂಬರ್ 30ರ ವರೆಗೆ ಹರಿಕೇನ್ ಸೀಸನ್, ಸೆಪ್ಟೆಂಬರ್ 10ರ ಸುತ್ತಮುತ್ತ ಅದರ ಪೀಕ್, ಅಂದ್ರೆ ಹೆಚ್ಚುಕಮ್ಮಿ ನಮ್ಮ ಗೌರಿ ಗಣೇಶ ಹಬ್ಬದ ಟೈಮೇ. ಹೊಸದಾಗಿ ಈ ಕಡೆ ಬಂದಿರೋ ಹುಡುಗ್ರು "ಏನು ನೋಡ್ಬೇಕು, ಎಲ್ಲಿ ನೋಡ್ಬೇಕು" ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ನಾನು ಮಾಡೋ ಕ್ರಮದಲ್ಲೇ ಬರೀತಿದೀನಿ. ನಾನು ಹವಾಮಾನ ತಜ್ಞ ಅಲ್ಲ, ಸಾಫ್ಟ್‌ವೇರ್ ಕೆಲಸದೋನು. ಮನೆ ಖಾಲಿ ಮಾಡಿ ಅಂತ ಕೌಂಟಿಯೋರು, ಅಂದ್ರೆ ಇಲ್ಲಿಯ ಜಿಲ್ಲಾಡಳಿತದೋರು, ಹೇಳಿದ್ರೆ ಇದನ್ನ ಓದ್ತಾ ಕೂರದೆ ಹೊರಡಿ.

1. ಮೊದಲು ಗಡಿಯಾರ ಸೆಟ್ ಮಾಡ್ಕೊಳಿ

ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ದಿನಕ್ಕೆ ನಾಲ್ಕು ಸಲ ಪೂರ್ತಿ ಅಡ್ವೈಸರಿ, ಅಂದ್ರೆ ಚಂಡಮಾರುತದ ಅಧಿಕೃತ ವರದಿ, ಬಿಡುತ್ತೆ, ನಮ್ಮ ಪೂರ್ವ ಕರಾವಳಿಯ ಬೇಸಿಗೆ ಟೈಮಲ್ಲಿ ಬೆಳಿಗ್ಗೆ 5, ಬೆಳಿಗ್ಗೆ 11, ಸಂಜೆ 5, ರಾತ್ರಿ 11. ಕರಾವಳಿಗೆ ವಾಚ್ (ಬರ್ಬಹುದು ಅಂತ) ಅಥವಾ ವಾರ್ನಿಂಗ್ (ಬರ್ತಿದೆ ಅಂತ) ಕೊಟ್ಟಿದ್ರೆ ಮಧ್ಯದಲ್ಲಿ 2 ಗಂಟೆಗೆ, 8 ಗಂಟೆಗೆ ಕೂಡ ಒಂದು ಚಿಕ್ಕದು ಬರುತ್ತೆ. ಊರಲ್ಲಿರೋ ಅಪ್ಪ ಅಮ್ಮನಿಗೂ ಹೇಳಿಡಿ, ಅಲ್ಲಿಯ ಲೆಕ್ಕದಲ್ಲಿ ಬೆಳಿಗ್ಗೆ ಎಂಟೂವರೆ, ಮಧ್ಯಾಹ್ನ ಎರಡೂವರೆ, ರಾತ್ರಿ ಎಂಟೂವರೆ, ಮಧ್ಯರಾತ್ರಿ ಎರಡೂವರೆ. ಇದರ ನಡುವೆ ಯಾರೋ ವಾಟ್ಸಾಪ್‌ಗೆ ಹಾಕೋ ಮ್ಯಾಪು ನಿನ್ನೇದೋ ಮೊನ್ನೇದೋ ಆಗಿರುತ್ತೆ, ಅದರ ಮೇಲೆ ತಾರೀಖು ಟೈಮು ಇಲ್ಲ ಅಂದ್ರೆ ಫಾರ್ವರ್ಡ್ ಮಾಡೋಕೆ ಹೋಗ್ಬೇಡಿ.

ಅಡ್ವೈಸರಿ ಜೊತೆಗೆ ಡಿಸ್ಕಷನ್ ಅಂತ ಇನ್ನೊಂದು ಪುಟ ಬರುತ್ತೆ, ಬರೀ ಅಕ್ಷರ, ಚಿತ್ರ ಇಲ್ಲ, ಅದಕ್ಕೇ ಯಾರೂ ಓದಲ್ಲ. ನನ್ನ ಪ್ರಕಾರ ಇಡೀ ವೆಬ್‌ಸೈಟಲ್ಲಿ ಅದೇ ಬೆಸ್ಟು. ಆವತ್ತು ಡ್ಯೂಟಿಲಿರೋ ಫೋರ್‌ಕಾಸ್ಟರ್ ತನಗೆ ಯಾವುದ್ರಲ್ಲಿ ನಂಬಿಕೆ ಇದೆ ಯಾವುದ್ರಲ್ಲಿ ಡೌಟಿದೆ ಅಂತ ಬಿಚ್ಚಿ ಬರೆದು ಕೆಳಗಡೆ ತನ್ನ ಹೆಸರು ಹಾಕಿರ್ತಾರೆ. ಚಂಡಮಾರುತ ಯಾಕೆ ವೀಕ್ ಆಗ್ತಿದೆ ಅನ್ನೋದು ಸಿಗೋದು ಅಲ್ಲೇ: ಮೇಲಿನ ಗಾಳಿ ಒಂದು ದಿಕ್ಕು ಕೆಳಗಿನ ಗಾಳಿ ಇನ್ನೊಂದು ದಿಕ್ಕಾಗಿ ಗೋಪುರ ವಾಲ್ತಾ ಇದೆಯಾ, ಒಣಗಾಳಿ ಒಳಗೆ ಸೇರ್ತಾ ಇದೆಯಾ, ಇಲ್ಲ ನಿಧಾನವಾಗಿ ನಿಂತಲ್ಲೇ ನಿಂತು ಕೆಳಗಿನ ತಣ್ಣೀರನ್ನ ಕಲಕಿ ತಾನೇ ತನ್ನ ಒಲೆ ಆರಿಸ್ಕೋತಾ ಇದೆಯಾ.

2. ಕೋನ್ ನೋಡಿ, ಆದ್ರೆ ಕೋನ್ ಹೊರಗಿದೀನಿ ಅಂತ ಖುಷಿ ಪಡ್ಬೇಡಿ

ಹರಿಕೇನ್ ಸೆಂಟರ್‌ನ ನಕ್ಷೆಯಲ್ಲಿ ಮುಂದೆ ಹೋಗ್ತಾ ಅಗಲ ಆಗೋ ಬಿಳಿ ಬಣ್ಣದ ಆಕಾರ ಇರುತ್ತಲ್ಲ, ಆ ಕೋನ್ ಹೇಳೋದು ಚಂಡಮಾರುತದ ನಡುಬಿಂದು ಎಲ್ಲಿ ಹೋಗ್ಬಹುದು ಅಂತ ಅಷ್ಟೇ. ಕಳೆದ ಐದು ವರ್ಷದ ಅವರ ತಪ್ಪುಗಳನ್ನೆಲ್ಲ ಅಳೆದು ಮೂರರಲ್ಲಿ ಎರಡು ಪಾಲು ಒಳಗೆ ಬರೋ ಹಾಗೆ ಅದರ ಅಗಲ ಇಟ್ಟಿರ್ತಾರೆ, ಅಂದ್ರೆ ಮೂರರಲ್ಲಿ ಒಂದು ಸಲ ಕೇಂದ್ರವೇ ಆಚೆ ಹೋಗ್ಬಹುದು. ಮಳೆ ಗಾಳಿ ಎಷ್ಟು ದೂರ ಹರಡಿದೆ ಅನ್ನೋದು ಅದರಲ್ಲಿ ಇಲ್ವೇ ಇಲ್ಲ. ಫ್ಲಾರೆನ್ಸ್ ದಡ ಮುಟ್ಟೋ ಮೊದಲು ಟ್ರಾಪಿಕಲ್ ಸ್ಟಾರ್ಮ್ (ಹರಿಕೇನ್‌ಗಿಂತ ಒಂದು ಮೆಟ್ಟಿಲು ಕೆಳಗಿಂದು) ಮಟ್ಟದ ಗಾಳಿ ಕೇಂದ್ರದಿಂದ 195 ಮೈಲಿ ದೂರದ ವರೆಗೂ ಇತ್ತು. ಸಕಲೇಶಪುರದಲ್ಲಿ ಕೇಂದ್ರ ಇದ್ರೆ ಬೆಂಗಳೂರು ದಾಟಿ ಕೋಲಾರದಲ್ಲೂ ಮರ ಅಲ್ಲಾಡೋ ಲೆಕ್ಕ.

ಬಣ್ಣಬಣ್ಣದ ಗೆರೆಗಳಿರೋ ಸ್ಪಘೆಟ್ಟಿ ಮ್ಯಾಪ್, ನಾವು ಶಾವಿಗೆ ಮ್ಯಾಪ್ ಅಂತೀವಿ, ಅದನ್ನ ನೋಡೋದು ಮಜಾ, ಒಂದೊಂದು ಗೆರೆ ಕಂಪ್ಯೂಟರ್ ಲೆಕ್ಕ ಹಾಕಿದ ಒಂದೊಂದು ದಾರಿ. ಯುರೋಪಿನ ಮಾಡೆಲ್ಲು, ಅಮೆರಿಕದ ಜಿಎಫ್‌ಎಸ್ಸು, ಎರಡನ್ನೂ ನೋಡಿ, ಆದ್ರೆ ಹತ್ತು ದಿನ ಆಚೆಯ ಒಂದೇ ಒಂದು ರನ್ ನೋಡಿ ಹೆದರೋದು ಬೇಡ, ಆರು ಗಂಟೆ ಬಿಟ್ಟು ಬರೋ ಮುಂದಿನ ರನ್‌ನಲ್ಲಿ ಅದು ಫ್ಲೋರಿಡಾಗೋ ಬರ್ಮುಡಾಗೋ ಹೋಗಿರುತ್ತೆ. ಶಾವಿಗೆ ಎಳೆಗಳೆಲ್ಲ ಒಂದೇ ಕಡೆ ಬಾಚಿದ ಹಾಗಿದ್ರೆ ನಂಬಿಕೆ ಜಾಸ್ತಿ, ತಟ್ಟೆ ತುಂಬ ಚೆಲ್ಲಿದ ಹಾಗಿದ್ರೆ ಕಾಯಿರಿ.

3. ವೀಕ್ ಆಗಿದ್ದು ಏನು ಅಂತ ಕೇಳಿ

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಡೋದಾದ್ರೆ ಇದನ್ನೇ ಇಡಿ.

ಕ್ಯಾಟಗರಿ 1ರಿಂದ 5ರ ವರೆಗಿನ ಸಫಿರ್-ಸಿಂಪ್ಸನ್ ಸ್ಕೇಲ್ ಅಳೆಯೋದು ಒಂದೇ ವಿಷಯ, ಅತಿ ಜೋರು ಗಾಳಿ ಎಷ್ಟು ಅಂತ. ಮಳೆ ಎಷ್ಟು ಅಂತ ಹೇಳಲ್ಲ, ಸಮುದ್ರ ಎಷ್ಟು ಎತ್ತರ ಬರುತ್ತೆ ಅಂತ ಹೇಳಲ್ಲ, ಎಷ್ಟು ಹೊತ್ತು ನಿಲ್ಲುತ್ತೆ ಅಂತ ಹೇಳಲ್ಲ. ಅಮೆರಿಕದಲ್ಲಿ 1963ರಿಂದ 2012ರ ವರೆಗೆ ಇಂಥ ಚಂಡಮಾರುತಗಳಿಂದ ನೇರವಾಗಿ ಸತ್ತವರಲ್ಲಿ ಹತ್ತಕ್ಕೆ ಒಂಬತ್ತು ಜನ ನೀರಿಂದ ಸತ್ತಿದ್ದು, ಗಾಳಿಯಿಂದ ಅಲ್ಲ. ಆದ್ರೂ ಟೀವಿಯೋರು ಗಾಳಿಯ ನಂಬರ್ ಇಳಿದ ತಕ್ಷಣ ವೀಕ್ ಆಯ್ತು ಅಂತಾರೆ, ಜನ ಉಸ್ಸಪ್ಪ ಅಂತಾರೆ.

ಹಾಗಾಗಿ ಗಾಳಿ ನಂಬರ್ ಇಳಿದಾಗ ನಾನು ಇನ್ನು ಮೂರು ನಂಬರ್ ನೋಡ್ತೀನಿ. ಒಂದು ಕೇಂದ್ರದ ಒತ್ತಡ, ಮಿಲಿಬಾರ್ ಲೆಕ್ಕದಲ್ಲಿ, ಅದು ಕಮ್ಮಿ ಇದ್ದಷ್ಟೂ ಚಂಡಮಾರುತ ಜೋರು. ಗಾಳಿ ಇಳಿದಷ್ಟು ಒತ್ತಡ ಏರಿಲ್ಲ ಅಂದ್ರೆ ಚಂಡಮಾರುತ ಸತ್ತಿಲ್ಲ, ದಪ್ಪ ಆಗಿದೆ ಅಷ್ಟೇ, ಕಣ್ಣಿನ, ಅಂದ್ರೆ ನಡುಭಾಗದ, ಸುತ್ತ ಇದ್ದ ಶಕ್ತಿ ಅಗಲಕ್ಕೆ ಹರಡಿದೆ. ಈ ನಂಬರ್ ಬರೋದು ಬಹಳಷ್ಟು ಸಲ ವಿಮಾನದಿಂದ, ಮಿಸ್ಸಿಸಿಪ್ಪಿಯ ಬಿಲಾಕ್ಸಿ ಹತ್ರದ ಏರ್‌ಫೋರ್ಸ್ ಬೇಸಿಂದ ಹರಿಕೇನ್ ಹಂಟರ್ಸ್ ಹಾರಿ ನೇರ ಕಣ್ಣೊಳಗೇ ಹೋಗಿ ಮೇಲಿಂದ ಉಪಕರಣ ಬೀಳಿಸಿ ಬರ್ತಾರೆ. ನೋವಾ ಅನ್ನೋ ಸರ್ಕಾರಿ ಸಮುದ್ರ-ಹವಾಮಾನ ಸಂಸ್ಥೆಯ ವಿಮಾನಗಳೂ ಹೋಗ್ತವೆ, ಅವಕ್ಕೆ ಕರ್ಮಿಟ್, ಮಿಸ್ ಪಿಗ್ಗಿ ಅಂತ ಬೊಂಬೆಗಳ ಹೆಸರು ಬೇರೆ ಇಟ್ಟಿದಾರೆ. ಎರಡನೇದು ಗಾತ್ರ, ಅಡ್ವೈಸರೀಲಿ ಎಷ್ಟು ಮೈಲಿ ದೂರದ ವರೆಗೆ ಗಾಳಿ ಅಂತ ಒಂದು ಸಾಲು ಇರುತ್ತೆ.

ಮೂರನೇದು, ಎಲ್ಲಕ್ಕಿಂತ ಮುಖ್ಯ, ಮುಂದೆ ಹೋಗೋ ಸ್ಪೀಡ್. ಗಾಳಿ ಸ್ಪೀಡ್ ಅಲ್ಲ, ಇಡೀ ಚಂಡಮಾರುತ ನಕ್ಷೆ ಮೇಲೆ ನಡೆಯೋ ಸ್ಪೀಡು. ಹಳೇ ಕಾಲದ ಒಂದು ಅಂದಾಜು ಸೂತ್ರ ಇದೆ, ಕ್ರಾಫ್ಟ್ ರೂಲ್ ಅಂತಾರೆ: 100ನ್ನ ಆ ಸ್ಪೀಡಿಂದ ಭಾಗಿಸಿ, ಸ್ಪೀಡ್ ನಾಟ್‌ಗಳಲ್ಲಿರ್ಬೇಕು (ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.15 ಮೈಲಿ), ಬಂದಿದ್ದೇ ಹೆಚ್ಚೆಂದರೆ ಎಷ್ಟು ಇಂಚು ಮಳೆ ಬೀಳ್ಬಹುದು ಅನ್ನೋದರ ಒರಟು ಲೆಕ್ಕ. 15 ನಾಟ್‌ಗೆ ಓಡ್ತಿದ್ರೆ ಆರೇಳು ಇಂಚು. ಫ್ಲಾರೆನ್ಸ್ ಸೆಪ್ಟೆಂಬರ್ 14ರ ಬೆಳಿಗ್ಗೆ ಏಳೂಕಾಲಿಗೆ ರೈಟ್ಸ್‌ವಿಲ್ ಬೀಚ್ ಹತ್ರ ದಡ ಮುಟ್ಟಿದಾಗ ಗಾಳಿ 90 ಮೈಲಿ, ಸ್ಪೀಡ್ ಸುಮಾರು 5 ನಾಟ್, ಅಂದ್ರೆ 20 ಇಂಚು. ಆಮೇಲೆ ಗಂಟೆಗೆ ಎರಡು ಮೂರು ಮೈಲಿಗೆ ಇಳೀತು, ನಮ್ಮ ಅಜ್ಜಿ ದೇವಸ್ಥಾನಕ್ಕೆ ನಡ್ಕೊಂಡು ಹೋಗೋ ಸ್ಪೀಡು. ಕೊನೆಗೆ ಎಲಿಜಬೆತ್‌ಟೌನ್ ಹತ್ರ ಬಿದ್ದಿದ್ದು 35.93 ಇಂಚು, ರಾಜ್ಯದ ದಾಖಲೆ. ಮಿಲಿಮೀಟರಲ್ಲಿ ಸುಮಾರು 912. ಬೆಂಗಳೂರಲ್ಲಿ ವರ್ಷಪೂರ್ತಿ ಬೀಳೋದು ಸುಮಾರು ಅಷ್ಟೇ ಇರುತ್ತೆ, ಅದು ಇಲ್ಲಿ ಮೂರ್ನಾಲ್ಕು ದಿನದಲ್ಲಿ ಸುರೀತು, ಅದೂ ವೀಕ್ ಆದ ಕ್ಯಾಟಗರಿ 1ರಿಂದ.

4. ಸಮುದ್ರದ ಕಡೆ ಒಂದು ಕಣ್ಣು

ದಡಕ್ಕೆ ಬರೋ ಮುಂಚಿನ ದಿನ ಬೋಯ್‌ಗಳನ್ನ ನೋಡಿ, ಅಂದ್ರೆ ಸಮುದ್ರದಲ್ಲಿ ತೇಲ್ತಾ ಗಾಳಿ, ಅಲೆ, ಒತ್ತಡ ಅಳೆಯೋ ಯಂತ್ರಗಳು. ನಮ್ಮ ಕಡೆಗೆ ಫ್ರೈಯಿಂಗ್ ಪ್ಯಾನ್ ಶೋಲ್ಸ್‌ನ 41013, ಡೈಮಂಡ್ ಶೋಲ್ಸ್‌ನ 41025, ಈ ಎರಡು ನಂಬರ್ ಬರೆದಿಟ್ಕೊಳಿ. ಒತ್ತಡದ ಗೆರೆ ಬಾವಿಗೆ ಬಿದ್ದ ಹಾಗೆ ಇಳಿದು ಮತ್ತೆ ಏರಿದ್ರೆ ಕೇಂದ್ರ ಹತ್ರದಲ್ಲೇ ಹಾದು ಹೋಯ್ತು ಅಂತ. ಫ್ರೈಯಿಂಗ್ ಪ್ಯಾನ್ ಅಲ್ಲೇ ಸಮುದ್ರದ ನಡುವೆ ಹಳೇ ಲೈಟ್‌ಹೌಸ್ ಟವರ್ ಒಂದಿದೆ, ಅದರ ಲೈವ್ ಕ್ಯಾಮೆರಾದಲ್ಲಿ ಬಾವುಟ ಫ್ಲಾರೆನ್ಸ್ ಗಾಳಿಗೆ ಚಿಂದಿ ಚಿಂದಿ ಆಗೋದನ್ನ ಎಷ್ಟೋ ಸಾವಿರ ಜನ ನೋಡ್ತಾ ಕೂತಿದ್ರು, ನಾನೂ ಆಫೀಸ್ ಮೀಟಿಂಗಲ್ಲಿ ಒಂದು ಮೂಲೇಲಿ ಹಾಕ್ಕೊಂಡಿದ್ದೆ.

ಆಮೇಲೆ ಟೈಡ್ ಗೇಜ್. ಬೋಫೋರ್ಟ್, ರೈಟ್ಸ್‌ವಿಲ್ ಬೀಚ್, ವಿಲ್ಮಿಂಗ್ಟನ್ ಇಲ್ಲೆಲ್ಲ ನೋವಾದವರ ಮಾಪಕ ಇದೆ, ಗ್ರಾಫಲ್ಲಿ ಎರಡು ಗೆರೆ, ಒಂದು ಉಬ್ಬರ ಇಳಿತ ಮಾಮೂಲಿಯಾಗಿ ಎಷ್ಟಿರ್ಬೇಕು ಅಂತ, ಇನ್ನೊಂದು ನಿಜವಾಗಿ ಎಷ್ಟಿದೆ ಅಂತ. ಎರಡರ ನಡುವಿನ ಅಂತರವೇ ಗಾಳಿ ದಬ್ಬಿಕೊಂಡು ಬಂದ ನೀರು, ಸ್ಟಾರ್ಮ್ ಸರ್ಜ್. ಇಳಿತದ ಹೊತ್ತಲ್ಲೂ ಗೆರೆ ಇಳಿದಿಲ್ಲ ಅಂದ್ರೆ ಮುಂದಿನ ಉಬ್ಬರಕ್ಕೆ ಕಷ್ಟ ಇದೆ.

ಕೇಂದ್ರ ಯಾವ ಊರಿಗೆ ಬರುತ್ತೋ ಅಲ್ಲೇ ಸರ್ಜ್ ಜಾಸ್ತಿ ಅಂದ್ಕೊಳ್ಬೇಡಿ. ಈ ಅರ್ಧಗೋಳದಲ್ಲಿ ಗಾಳಿ ಗಡಿಯಾರದ ಉಲ್ಟಾ ಸುತ್ತೋದ್ರಿಂದ ಹೋಗೋ ದಿಕ್ಕಿನ ಬಲಗಡೆ ಗಾಳಿ ಸಮುದ್ರದಿಂದ ದಡಕ್ಕೆ ನೀರು ತಳ್ಳುತ್ತೆ, ಎಡಗಡೆ ದಡದಿಂದ ಆಚೆಗೆ. ನ್ಯೂ ಬರ್ನ್ ಇರೋದು ಕೇಂದ್ರ ದಡ ಮುಟ್ಟಿದ ಜಾಗದಿಂದ ಈಶಾನ್ಯಕ್ಕೆ ಎಷ್ಟೋ ದೂರದಲ್ಲಿ, ತೆರೆದ ಸಮುದ್ರದ ಪಕ್ಕದಲ್ಲೂ ಅಲ್ಲ, ನೂಸ್ ನದಿ ಮತ್ತೆ ಟ್ರೆಂಟ್ ನದಿ ಸೇರೋ ಕಡೆ. ಪೂರ್ವದ ಗಾಳಿ ಪ್ಯಾಮ್ಲಿಕೋ ಸೌಂಡ್ ಅನ್ನೋ ದೊಡ್ಡ ಹಿನ್ನೀರನ್ನ ಆಲಿಕೆಗೆ ಸುರಿದ ಹಾಗೆ ನದಿ ಒಳಕ್ಕೆ ನೂಕಿತು, ಸುಮಾರು 10 ಅಡಿ, ಅದೂ 13ರ ರಾತ್ರಿ, ಕೇಂದ್ರ ಇನ್ನೂ ಸಮುದ್ರದಲ್ಲೇ ಇದ್ದಾಗ. ನಾನು ಕಡುಬು ತಿಂದು ಮಲಗಿದ್ದ ರಾತ್ರಿ ಅಂದ್ನಲ್ಲ, ಅದೇ.

5. ಆ ದಿನ: ರೇಡಾರ್

ಫೋನಿನ ಆ್ಯಪಲ್ಲಿರೋ ಬಣ್ಣದ ಮೋಡ ಅಲ್ಲ, ನ್ಯಾಷನಲ್ ವೆದರ್ ಸರ್ವಿಸ್‌ನ ರೇಡಾರನ್ನೇ ತೆಗೀರಿ. ನಮ್ಮ ರಾಲಿ ಏರಿಯಾಕ್ಕೆ ಕೆ-ಆರ್-ಎ-ಎಕ್ಸ್, ವಿಲ್ಮಿಂಗ್ಟನ್ ಕಡೆಗೆ ಕೆ-ಎಲ್-ಟಿ-ಎಕ್ಸ್, ಮೋರ್‌ಹೆಡ್ ಸಿಟಿ ಕಡೆಗೆ ಕೆ-ಎಂ-ಎಚ್-ಎಕ್ಸ್. ಒಂದು ಗಂಟೆಯ ಲೂಪ್ ಹಾಕಿ ಬರೀ ಕೆಂಪು, ಅಂದ್ರೆ ಜೋರು ಮಳೆ, ಎಲ್ಲಿದೆ ಅಂತ ನೋಡ್ಬೇಡಿ, ಕೆಂಪು ಪಟ್ಟಿ ಅಡ್ಡಡ್ಡ ದಾಟಿ ಹೋಗ್ತಿದೆಯಾ ಇಲ್ಲ ಗೂಡ್ಸ್ ರೈಲಿನ ಬೋಗಿಗಳ ಥರ ಒಂದರ ಹಿಂದೆ ಒಂದು ಅದೇ ಊರಿನ ಮೇಲೇ ಬರ್ತಿದೆಯಾ ನೋಡಿ. ರೈಲು ನಿಮ್ಮ ಕೌಂಟಿ ಮೇಲೆ ಬಂದ್ರೆ ಬ್ಯಾಟರಿ ಚಾರ್ಜ್ ಮಾಡಿ, ಕಾರನ್ನ ತಗ್ಗಿನ ಪಾರ್ಕಿಂಗಿಂದ ಮೇಲಕ್ಕೆ ತನ್ನಿ.

ಸುಂಟರಗಾಳಿ ವಿಷಯನೂ ಮರೀಬೇಡಿ. ಒಳನಾಡಿಗೆ ಬಂದು ಬರೀ ಅವಶೇಷ ಉಳಿದಿದ್ದಾಗ, ಸೆಪ್ಟೆಂಬರ್ 17ಕ್ಕೆ, ಫ್ಲಾರೆನ್ಸ್‌ನ ಹೊರಗಿನ ಪಟ್ಟಿಗಳು ವರ್ಜೀನಿಯಾದ ರಿಚ್ಮಂಡ್ ಸುತ್ತ ಎಷ್ಟೋ ಟೊರ್ನೇಡೊ ಎಬ್ಬಿಸಿ ಒಬ್ಬರು ತೀರ್ಕೊಂಡ್ರು. ಫೋನಿನ ಎಮರ್ಜೆನ್ಸಿ ಅಲರ್ಟ್ ಆಫ್ ಮಾಡಿಟ್ಟಿದ್ರೆ ಆನ್ ಮಾಡಿ, ರಾತ್ರಿ ಸೌಂಡಿಗೆ ಮಗು ಎದ್ರೆ ಏಳಲಿ.

6. ಹೆಸರು ಸಣ್ಣದಾದ ಮೇಲೆ ಆಫೀಸ್ ಬದಲಾಗುತ್ತೆ

ಚಂಡಮಾರುತ ಒಳನಾಡಲ್ಲಿ ಡಿಪ್ರೆಶನ್ ಆಗಿ, ಅಂದ್ರೆ ಟ್ರಾಪಿಕಲ್ ಸ್ಟಾರ್ಮ್‌ಗಿಂತಲೂ ಕೆಳಗಿನ ಮೆಟ್ಟಿಲಿಗೆ ಇಳಿದು, ಕರಾವಳಿಯ ವಾರ್ನಿಂಗ್ ಎಲ್ಲ ತೆಗೆದ ಮೇಲೆ ಮಯಾಮಿಯೋರು ಕೈ ತೊಳ್ಕೊಂಡು ಮೇರಿಲ್ಯಾಂಡ್‌ನ ವೆದರ್ ಪ್ರಿಡಿಕ್ಷನ್ ಸೆಂಟರ್‌ಗೆ ಕೊಟ್ಟುಬಿಡ್ತಾರೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಹರಿಕೇನ್ ಸೆಂಟರ್ ಪುಟದಲ್ಲಿ ಹೆಸರು ಮಾಯ ಆಯ್ತು ಅಂದ್ರೆ ಮುಗೀತು ಅಂದ್ಕೋತಾರೆ. ಅವತ್ತಿಂದ ನೀವು ನೋಡ್ಬೇಕಾದ್ದು ಅವರ ಅತಿಮಳೆ ನಕ್ಷೆ, ನಾಲ್ಕು ಮೆಟ್ಟಿಲಿರುತ್ತೆ, ಮಾರ್ಜಿನಲ್, ಸ್ಲೈಟ್, ಮಾಡರೇಟ್, ಹೈ. ಹೈ ಅನ್ನೋದು ವರ್ಷದಲ್ಲಿ ಅಪರೂಪಕ್ಕೆ ಬರುತ್ತೆ, ಬಂದ ದಿನ ಪ್ರಯಾಣ ಕ್ಯಾನ್ಸಲ್. ಅದರ ಜೊತೆಗೆ ನಿಮ್ಮ ಲೋಕಲ್ ವೆದರ್ ಆಫೀಸಿನ ಡಿಸ್ಕಷನ್ ಓದಿ, ನಮಗೆ ರಾಲಿ ಆಫೀಸು, ಅವರಿಗೆ ಯಾವ ಹಳ್ಳ ಯಾವಾಗ ಉಕ್ಕುತ್ತೆ ಅನ್ನೋದು ನಮಗಿಂತ ಚೆನ್ನಾಗಿ ಗೊತ್ತು.

ಇದಕ್ಕೆ ನನ್ನ ಹತ್ರ ಇರೋ ಉದಾಹರಣೆ 2025ರ ಜುಲೈದು. ಶಾಂಟಾಲ್ ಅಂತ ಒಂದು, ಹರಿಕೇನ್ ಆಗಲೇ ಇಲ್ಲ, ಬರೀ ಟ್ರಾಪಿಕಲ್ ಸ್ಟಾರ್ಮ್, ಜುಲೈ 6ರ ಬೆಳಗಿನ ಜಾವ ಸೌತ್ ಕೆರೊಲೈನಾದಲ್ಲಿ ದಡ ಮುಟ್ಟಿ ಅವತ್ತೇ ಡಿಪ್ರೆಶನ್ ಆಗೋಯ್ತು. ಸ್ವಾತಂತ್ರ್ಯ ದಿನದ ಲಾಂಗ್ ವೀಕೆಂಡು, ಯಾರೂ ಕ್ಯಾರೇ ಅನ್ನಲಿಲ್ಲ, ಬ್ರೆಡ್ಡೂ ಖಾಲಿ ಆಗ್ಲಿಲ್ಲ ನೀರೂ ಖಾಲಿ ಆಗ್ಲಿಲ್ಲ. ಭಾನುವಾರ ಸಂಜೆ ಅದೇ ಗೂಡ್ಸ್ ರೈಲು ಚಾಪೆಲ್ ಹಿಲ್, ಹಿಲ್ಸ್‌ಬರೋ, ಅಲಮಾನ್ಸ್ ಕಡೆ ನಿಂತು ಸುರೀತು, ಚಾಪೆಲ್ ಹಿಲ್‌ನ ಈಸ್ಟ್‌ಗೇಟ್ ಅಂಗಡಿ ಸಾಲಿಗೆ ನೀರು ನುಗ್ತು, ಅಪಾರ್ಟ್‌ಮೆಂಟಿಂದ ಜನರನ್ನ ದೋಣೀಲಿ ಕರ್ಕೊಂಡು ಬಂದ್ರು, ಡರ್ಹಮ್‌ನಲ್ಲಿ ಈನೋ ನದಿ 1996ರ ಫ್ರಾನ್ ಹರಿಕೇನ್ ಕಾಲದ ದಾಖಲೆನೇ ಮುರೀತು. ಫ್ರಾನ್ ದಡಕ್ಕೆ ಬಂದಾಗ ಕ್ಯಾಟಗರಿ 3 ಇತ್ತು ಅನ್ನೋದು ಗಮನದಲ್ಲಿರಲಿ.

7. ನದಿ ಗೇಜ್, ಇಲ್ಲಿ ಆತುರ ಮಾಡ್ಬೇಡಿ

ಮೊದಲು ನಿಮ್ಮ ಮನೆ ಮುಂದಿನ ಚರಂಡಿ ನೀರು ಎಲ್ಲಿಗೆ ಹೋಗುತ್ತೆ ಅಂತ ಕಂಡುಹಿಡೀರಿ. ತಮಾಷೆ ಅಲ್ಲ, ನಿಜವಾಗ್ಲೂ. ನಮ್ಮೂರು ಸಕಲೇಶಪುರದ ಬಿಸಿಲೆ ಕಡೆ ಒಂದು ಜಾಗ ಇದೆ, ಈ ಕಡೆ ಬಿದ್ದ ಮಳೆ ಹೇಮಾವತಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ, ಆ ಕಡೆ ಬಿದ್ದಿದ್ದು ಕುಮಾರಧಾರ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಕೇರಿ ಊರೂ ಹಂಗೇ ಎರಡು ಜಲಾನಯನದ ನಡುವೆ ಕೂತಿದೆ, ಒಂದು ಪಾಲು ಕ್ರಾಬ್‌ಟ್ರೀ ಕ್ರೀಕ್ ಥರದ ಹಳ್ಳಗಳಿಂದ ನೂಸ್ ನದಿಗೆ, ಇನ್ನೊಂದು ಪಾಲು ಜೋರ್ಡನ್ ಲೇಕ್ ಆಗಿ ಕೇಪ್ ಫಿಯರ್ ನದಿಗೆ. ಯಾವುದು ನಿಮ್ಮದು ಅಂತ ಗೊತ್ತಾದ ಮೇಲೆ ವೆದರ್ ಸರ್ವಿಸ್‌ನ ನದಿ ಪುಟಕ್ಕೆ ಹೋಗಿ ಆ ಹಳ್ಳದ ಗೇಜ್ (ನೀರಿನ ಮಟ್ಟದ ಮಾಪಕ) ಒಂದು, ಅದರ ಮೇಲ್ಗಡೆಯ ಗೇಜ್ ಒಂದು ಬುಕ್‌ಮಾರ್ಕ್ ಮಾಡಿ. ಹಳದಿ ಅಂದ್ರೆ ಎಚ್ಚರ, ಕೇಸರಿ ಸಣ್ಣ ಪ್ರವಾಹ, ಕೆಂಪು ಮಧ್ಯಮ, ನೇರಳೆ ದೊಡ್ಡದು. ರಾಜ್ಯ ಸರ್ಕಾರದ್ದೇ ಫೈಮನ್ ಅಂತ ಇನ್ನೊಂದು ನಕ್ಷೆ ಇದೆ, ನೀರು ಇಷ್ಟು ಅಡಿ ಬಂದ್ರೆ ಯಾವ ಬೀದಿ ಮುಳುಗುತ್ತೆ ಅಂತ ತೋರಿಸುತ್ತೆ, ಮನೆ ಬಾಡಿಗೆಗೆ ತಗೊಳೋ ಮುಂಚೆನೂ ಅದನ್ನ ಒಂದ್ಸಲ ನೋಡಿ.

ಮಲೆನಾಡಿನೋರಿಗೆ ಇಲ್ಲಿ ಒಂದು ವಿಷಯ ತಲೆಗೆ ಹೋಗೋಕೆ ಟೈಮ್ ಹಿಡಿಯುತ್ತೆ, ನನಗೂ ಹಿಡೀತು. ನಮ್ಮಲ್ಲಿ ರಾತ್ರಿ ಮಳೆ ಹೊಡೆದ್ರೆ ಬೆಳಿಗ್ಗೆ ಹೊಳೆ ತುಂಬಿರುತ್ತೆ, ಮಳೆ ನಿಂತ್ರೆ ಎರಡು ದಿನದಲ್ಲಿ ಇಳಿಯುತ್ತೆ, ಘಟ್ಟದ ಇಳಿಜಾರು ಅಲ್ವಾ. ಈ ರಾಜ್ಯದ ಪೂರ್ವ ಭಾಗ ಹಂಗಲ್ಲ, ತಟ್ಟೆ ಥರ ಚಪ್ಪಟೆ, ಜೌಗು, ನೀರು ಸಮುದ್ರಕ್ಕೆ ಹೋಗೋಕೆ ಒಂದು ವಾರ ತಗೊಳುತ್ತೆ. ಫ್ಲಾರೆನ್ಸ್ ಸೆಪ್ಟೆಂಬರ್ 16ಕ್ಕೇ ಡಿಪ್ರೆಶನ್ ಆಗಿತ್ತು, ಫೇಯೆಟ್‌ವಿಲ್‌ನಲ್ಲಿ ಕೇಪ್ ಫಿಯರ್ ನದಿ ತುತ್ತತುದಿ ಮುಟ್ಟಿದ್ದು 19ರ ಹೊತ್ತಿಗೆ, ಪ್ರವಾಹದ ಮಟ್ಟ 35 ಅಡಿ, ಬಂದಿದ್ದು 61 ಅಡಿ ದಾಟಿ. ಆಗ ಮೇಲೆ ಬಿಸಿಲು, ನೀಲಿ ಆಕಾಶ, ಕೆಳಗೆ ಹೈವೇಗಳು ಮುಳುಗಿ ವಿಲ್ಮಿಂಗ್ಟನ್ ಅನ್ನೋ ನಗರ ದ್ವೀಪ ಆಗಿತ್ತು, ಐ-40, ಐ-95 ಎರಡೂ ಬಂದ್. ಸಾರಿಗೆ ಇಲಾಖೆಯೋರು ನಮ್ಮ ರಾಜ್ಯದೊಳಗೇ ಬರ್ಬೇಡಿ, ವರ್ಜೀನಿಯಾ ಟೆನ್ನೆಸ್ಸೀ ಜಾರ್ಜಿಯಾ ಸುತ್ತಿ ಹೋಗಿ ಅಂತ ಹೇಳಿದ್ದು ನೆನಪಿದೆ.

ಹಾಗಾಗಿ ಗೇಜ್ ಗ್ರಾಫಲ್ಲಿ ಈಗ ಎಷ್ಟಿದೆ ಅನ್ನೋದಕ್ಕಿಂತ ಮುಂದೆ ಎಷ್ಟಾಗುತ್ತೆ ಅಂತ ತೋರಿಸೋ ಚುಕ್ಕಿ ಚುಕ್ಕಿ ಗೆರೆ ಅತಿ ಎತ್ತರ ಮುಟ್ಟೋದು ಯಾವ ದಿನಕ್ಕೆ ಅಂತ ನೋಡಿ, ಅದನ್ನ ಕ್ಯಾಲೆಂಡರಲ್ಲಿ ಗುರುತು ಹಾಕಿ. ಆ ದಿನ ಆಗೋ ವರೆಗೆ ಪೂರ್ವದ ಕಡೆ ಪ್ರಯಾಣ ಬುಕ್ ಮಾಡ್ಬೇಡಿ.

ಬೆಟ್ಟದ ಕಡೆ ಇರೋರಿಗೆ ಮಾತ್ರ ಈ ಲೆಕ್ಕ ಉಲ್ಟಾ. 2024ರ ಹೆಲೀನ್ ಫ್ಲೋರಿಡಾದಲ್ಲಿ ಕ್ಯಾಟಗರಿ 4 ಆಗಿ ದಡ ಹತ್ತಿ ವೀಕ್ ಆಗ್ತಾ ಆಗ್ತಾನೇ ನಮ್ಮ ಪಶ್ಚಿಮದ ಬೆಟ್ಟಗಳಿಗೆ ಬಂತು, ಆಶ್‌ವಿಲ್‌ನಲ್ಲಿ ನದಿ ಏರಿದ್ದು ಗಂಟೆಗಳ ಲೆಕ್ಕದಲ್ಲಿ, ಕೊಡಗಿನಲ್ಲಿ 2018ರ ಆಗಸ್ಟಲ್ಲಿ ಆದ ಹಾಗೆ ಗುಡ್ಡಾನೇ ಕುಸಿದು ಬಂತು. ದೇಶದ ಹವಾಮಾನ ದಾಖಲೆಗಳನ್ನೆಲ್ಲ ಇಟ್ಟಿರೋ ಕೇಂದ್ರ ಇರೋದು ಅದೇ ಆಶ್‌ವಿಲ್‌ನಲ್ಲಿ, ಅದರ ಸಿಸ್ಟಮ್ಮುಗಳೇ ಆಫ್‌ಲೈನ್ ಆಗಿದ್ವು. ಅಲ್ಲಿ ಇರೋರು ನದಿ ಗ್ರಾಫ್ ನೋಡ್ತಾ ಕೂರೋ ಹಾಗಿಲ್ಲ, ಫ್ಲ್ಯಾಶ್ ಫ್ಲಡ್ ವಾರ್ನಿಂಗ್ ಬಂದ ಕೂಡ್ಲೆ ಎತ್ತರಕ್ಕೆ ಹೋಗ್ಬೇಕು.

8. ಹಿತ್ತಿಲಲ್ಲಿ ಒಂದು ಮಳೆ ಮಾಪಕ

ನಮ್ಮ ಕಡೆ ಕಾಫಿ ತೋಟದಲ್ಲಿ ಇವತ್ತಿಗೂ ಮಳೇನ ಇಂಚಲ್ಲೇ ಹೇಳ್ತಾರೆ, "ನಿಮ್ಮಲ್ಲಿ ಎಷ್ಟಾಯ್ತು?" "ಎರಡೂವರೆ ಇಂಚು" ಅಂತ. ಅಜ್ಜ ಬೆಳಿಗ್ಗೆ ಕಾಫಿ ಮುಂಚೆ ಮಾಪಕ ನೋಡಿ ಡೈರಿಗೆ ಬರೀತಿದ್ರು. ಅಮೆರಿಕಕ್ಕೆ ಬಂದು ಇಲ್ಲೂ ಇಂಚೇ ಅಂತ ನೋಡಿ ನನಗೆ ಊರಿಗೆ ಬಂದ ಹಾಗಾಯ್ತು.

ಇಲ್ಲಿ ಕೊಕೊರಾಸ್ ಅಂತ ಒಂದು ಬಳಗ ಇದೆ, 1997ರಲ್ಲಿ ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ಪ್ರವಾಹ ಬಂದು ಮಾರನೇ ವರ್ಷ ಶುರುವಾಗಿದ್ದು, ಊರಿನ ಒಂದು ಮೂಲೆಗೆ ಎಷ್ಟು ಮಳೆ ಇನ್ನೊಂದು ಮೂಲೆಗೆ ಎಷ್ಟು ಅಂತ ಮಾಮೂಲಿ ಜನರೇ ಅಳೆದು ಕಳಿಸೋದು. 4 ಇಂಚು ಅಗಲದ ಪ್ಲಾಸ್ಟಿಕ್ ಕೊಳವೆ, ಒಳಗೊಂದು ಸಣ್ಣ ಕೊಳವೆ, ಒಂದು ಇಂಚಿನ ನೂರರಲ್ಲಿ ಒಂದು ಭಾಗದ ತನಕ ಅಳೀಬಹುದು, ಪೂರ್ತಿ ಹಿಡಿಯೋದು 11 ಇಂಚು. ಮರದ ಕೆಳಗೆ, ಸೂರಿನ ಪಕ್ಕ ಇಡ್ಬೇಡಿ. ಬೆಳಿಗ್ಗೆ 7ಕ್ಕೆ ಓದಿ, ಅಂಕಿ ಸಣ್ಣದಿರುತ್ತೆ, ಕಣ್ಣು ನೀರಿನ ಮಟ್ಟಕ್ಕೆ ತಂದು ಓದಿ. ದೊಡ್ಡ ಮಳೆ ಬರೋ ರಾತ್ರಿ ಮಲಗೋ ಮುಂಚೆ ಒಂದ್ಸಲ ಅಳೆದು ಬರೆದು ಖಾಲಿ ಮಾಡಿ ಇಡಿ, ಇಲ್ಲಾಂದ್ರೆ ಬೆಳಿಗ್ಗೆ ತುಂಬಿ ಹರಿದು ಲೆಕ್ಕ ತಪ್ಪುತ್ತೆ. ಮಳೆ ಬರದೇ ಇದ್ದ ದಿನ ಸೊನ್ನೆ ಅಂತ ಕಳಿಸೋದೂ ಕೆಲಸಾನೇ, ರೇಡಾರ್ ಮಳೆ ಇದೆ ಅಂತ ತೋರಿಸ್ತಿರ್ಬೇಕಾದ್ರೆ ನೆಲದ ಮೇಲೆ ಇಲ್ಲ ಅಂತ ಹೇಳೋರು ಬೇಕಲ್ಲ.

9. ಇನ್ನು ಉಳಿದ ಚಿಲ್ಲರೆ, ಆದ್ರೆ ಪ್ರಾಣ ಉಳಿಸೋ ಚಿಲ್ಲರೆ

ಮರ. ನಮ್ಮ ಏರಿಯಾದ ಕೆಂಪು ಜೇಡಿಮಣ್ಣು ನೆನೆದು ಮೆತ್ತಗಾದ ಮೇಲೆ 40 ಮೈಲಿ ಗಾಳಿ ಸಾಕು, ಎತ್ತರದ ಪೈನು ಓಕು ಬುಡಸಮೇತ ಬೀಳ್ತವೆ, ಮಳೆ ಮೊದಲು ಬಂದು ಗಾಳಿ ಆಮೇಲೆ ಬಂದ್ರೆ ಇನ್ನೂ ಅಪಾಯ. ದೊಡ್ಡ ಮರದ ಪಕ್ಕದ ರೂಮಲ್ಲಿ ಆ ರಾತ್ರಿ ಮಲಗ್ಬೇಡಿ.

ರಸ್ತೆ. ಹರಿಯೋ ನೀರು 6 ಇಂಚು ಇದ್ರೆ ದೊಡ್ಡೋರನ್ನೇ ಬೀಳಿಸುತ್ತೆ, 12 ಇಂಚಿಗೆ ಸಣ್ಣ ಕಾರು ತೇಲುತ್ತೆ. ಫ್ಲಾರೆನ್ಸಲ್ಲಿ ಪ್ರವಾಹದ ನೀರಿಗೆ ಸಿಕ್ಕಿ ಸತ್ತವರಲ್ಲಿ ಬಹಳಷ್ಟು ಜನ ಕಾರಲ್ಲೇ ಇದ್ದವರು. ಹೊರಡೋ ಮುಂಚೆ ರಾಜ್ಯದ ಡ್ರೈವ್ ಎನ್‌ಸಿ ನಕ್ಷೆ ನೋಡಿ, ಗೂಗಲ್ ತೋರ್ಸೋ ಶಾರ್ಟ್‌ಕಟ್ ನಂಬಿ ಹಳ್ಳದ ರಸ್ತೆಗೆ ಇಳೀಬೇಡಿ.

ಇನ್ಶೂರೆನ್ಸ್. ಮಾಮೂಲಿ ಹೋಮ್ ಇನ್ಶೂರೆನ್ಸಲ್ಲಿ ಪ್ರವಾಹ ಬರಲ್ಲ. ಸರ್ಕಾರದ ಫ್ಲಡ್ ಪಾಲಿಸಿ ಬೇರೆ ತಗೋಬೇಕು, ಅದು ಸಾಮಾನ್ಯವಾಗಿ ಜಾರಿಗೆ ಬರೋಕೆ 30 ದಿನ, ಅಂದ್ರೆ ಹರಿಕೇನ್‌ಗೆ ಹೆಸರಿಟ್ಟ ಮೇಲೆ ಫೋನ್ ಮಾಡಿದ್ರೆ ಏನೂ ಪ್ರಯೋಜನ ಇಲ್ಲ. ಮೇ ತಿಂಗಳಲ್ಲೇ ಮಾಡಿಸಿ. ಕರೆಂಟ್ ಹೋದಾಗ ಜನರೇಟರ್‌ನ ಗರಾಜ್ ಒಳಗೆ ಹಾಕೋದು ಮಾತ್ರ ಯಾವ ಕಾರಣಕ್ಕೂ ಬೇಡ, ಬಾಗಿಲು ತೆಗೆದಿದ್ರೂ ಬೇಡ, ಅದರ ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆನೇ ಇಲ್ಲ, ಗೊತ್ತಾಗೋ ಮುಂಚೆ ಜನ ಹೋಗ್ಬಿಡ್ತಾರೆ.

10. ಕೊನೇದು, ಪಿಕ್‌ನಿಕ್ ಮುಂಚೆ

ಎಲ್ಲ ಮುಗಿದು ಹತ್ತು ದಿನ ಆಗಿರುತ್ತೆ, ಒಳ್ಳೇ ಬಿಸಿಲು, ಮಕ್ಕಳು ಜೋರ್ಡನ್ ಲೇಕ್ ಅಂತ ಹಠ ಹಿಡಿದಿರ್ತವೆ. ಆ ಡ್ಯಾಮ್ ಕಟ್ಟಿದ್ದೇ ಕೆಳಗಿನ ಊರುಗಳಿಗೆ ಪ್ರವಾಹ ತಡೆಯೋಕೆ, ಮಾಮೂಲಿ ಮಟ್ಟ ಸಮುದ್ರ ಮಟ್ಟದಿಂದ 216 ಅಡಿ, 240ರ ವರೆಗೆ ಪ್ರವಾಹದ ನೀರು ಹಿಡಿದಿಟ್ಕೊಂಡು ಕೆಳಗೆ ಖಾಲಿ ಆದ ಹಾಗೆ ನಿಧಾನಕ್ಕೆ ಬಿಡ್ತಾರೆ. ಹಾಗಾಗಿ ಫೇಯೆಟ್‌ವಿಲ್‌ನಲ್ಲಿ ನದಿ ಇಳಿದ ಮೇಲೂ ಇಲ್ಲಿ ಲೇಕ್ ಏರಿಯೇ ಇರುತ್ತೆ. ನಾವು ಆ ವರ್ಷ ಗೊತ್ತಿಲ್ದೆ ಚಿತ್ರಾನ್ನ, ಮೊಸರನ್ನ, ಚಾಪೆ ಎಲ್ಲ ಕಾರಿಗೆ ತುಂಬ್ಕೊಂಡು ಹೋದ್ರೆ ಪಾರ್ಕಿಂಗ್ ಜಾಗದಲ್ಲಿ ಅಲೆ ಹೊಡೀತಿತ್ತು, ಪಿಕ್‌ನಿಕ್ ಟೇಬಲ್‌ಗಳ ಮೇಲ್ಭಾಗ ಮಾತ್ರ ಕಾಣ್ತಿತ್ತು, ಒಂದರ ಮೇಲೆ ಬಕಪಕ್ಷಿ ಕೂತಿತ್ತು. ಊಟ ಕಾರಲ್ಲೇ ಆಯ್ತು. ಈಗ ನಾನು ಚಿತ್ರಾನ್ನಕ್ಕೆ ಒಗ್ಗರಣೆ ಹಾಕೋ ಮುಂಚೆ ಲೇಕ್ ಮಟ್ಟ ನೋಡ್ತೀನಿ, 218, 219 ಅಂತ ಇದ್ರೆ ಹಿತ್ತಿಲಲ್ಲೇ ಚಾಪೆ ಹಾಸೋದು.